ಆದಾಮನಿಂದ ಏಳನೆಯವನು

ಹೀಬ್ರೂ ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ ಐದನೆಯ ಅಧ್ಯಾಯವು ಮೇಲ್ನೋಟಕ್ಕೆ ಒಣ ವಂಶಾವಳಿಯಂತೆ ಕಾಣುತ್ತದೆ. ಆದಾಮನಿಂದ ನೋಹನವರೆಗಿನ ಹತ್ತು ತಲೆಮಾರುಗಳ ಹೆಸರು, ಹಿರಿಯ ಮಗ ಹುಟ್ಟಿದಾಗ ತಂದೆಗಿದ್ದ ವಯಸ್ಸು, ಅನಂತರ ಅವನು ಬದುಕಿದ ವರ್ಷಗಳು, ಒಟ್ಟು ಆಯುಸ್ಸು, ಕಡೆಯಲ್ಲಿ ಅವನು ಸತ್ತನೆಂಬ ಒಂದು ಪದ, ಹೀಗೆ ಒಬ್ಬೊಬ್ಬನ ಬಾಳೂ ಒಂದೇ ಅಚ್ಚಿನಲ್ಲಿ ಮುಗಿದುಹೋಗುತ್ತದೆ. ಆದಾಮ 930 ವರ್ಷ ಬದುಕಿದ, ಯೆರೆದ 962 ವರ್ಷ, ಮೆತೂಷೆಲಹ 969 ವರ್ಷ. ಈ ಸಾಲಿನಲ್ಲಿ ಏಳನೆಯವನಾದ ಹನೋಕನ ಬಳಿಗೆ ಬಂದಾಗ ಮಾತ್ರ ಅಚ್ಚು ಒಡೆಯುತ್ತದೆ. ಅವನ ಆಯುಸ್ಸು ಬರೀ 365 ವರ್ಷ; ಅವನು ದೇವರೊಂದಿಗೆ ನಡೆದನೆಂಬ ಮಾತು ಎರಡು ಸಲ ಬರುತ್ತದೆ; ಸತ್ತನೆಂಬ ಪದ ಬರಬೇಕಾದಲ್ಲಿ ಅವನು ಇಲ್ಲವಾದನೆಂದೂ ದೇವರು ಅವನನ್ನು ತೆಗೆದುಕೊಂಡನೆಂದೂ ಹೇಳಿ ಲೇಖಕನು ಮುಂದಿನ ಹೆಸರಿಗೆ ಹೋಗಿಬಿಡುತ್ತಾನೆ. ಹನೋಕನ ಕಥೆಗೆ ಆದಿಕಾಂಡವು ಕೊಟ್ಟಿರುವುದು ನಾಲ್ಕೇ ವಚನಗಳು.

ಆ ನಾಲ್ಕು ವಚನಗಳಿಂದ ಮುಂದಿನ ಎಂಟು ಹತ್ತು ಶತಮಾನಗಳಲ್ಲಿ ಒಂದು ಸಾಹಿತ್ಯವೇ ಬೆಳೆಯಿತು. ಅರಾಮಿಕ್, ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಯೆಹೂದಿ ಲೇಖಕರು ಹನೋಕನ ಹೆಸರಿನಲ್ಲಿ ಗ್ರಂಥಗಳನ್ನು ಬರೆದರು, ಅವನನ್ನು ಸ್ವರ್ಗಕ್ಕೆ ಕಳುಹಿಸಿದರು, ನಕ್ಷತ್ರಗಳ ದಾರಿಯನ್ನು ಅವನ ಬಾಯಿಂದ ಹೇಳಿಸಿದರು, ಕೊನೆಗೆ ಅವನನ್ನು ದೇವದೂತರ ಒಡೆಯನನ್ನಾಗಿ ಮಾಡಿದರು. ಪ್ರಾಚೀನ ಯೆಹೂದಿ ಸಾಹಿತ್ಯವು ಹಿಂದಿನ ಶಾಸ್ತ್ರದ ವ್ಯಕ್ತಿಗಳನ್ನೂ ಸಂಪ್ರದಾಯಗಳನ್ನೂ ಹೇಗೆ ಬಳಸಿಕೊಂಡಿತೆಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಲೇಖಕರಿಗೆ ಹಳೆಯ ಪಠ್ಯದ ಮೌನವು ಕೊರತೆಯಾಗಿ ಕಾಣಲಿಲ್ಲ. ಪವಿತ್ರ ಗ್ರಂಥದಲ್ಲಿ ವ್ಯರ್ಥವಾದ ಪದ ಒಂದೂ ಇರಲಾರದೆಂದು ನಂಬಿದವರಿಗೆ, ಅಲ್ಲಿ ಬಿಟ್ಟುಹೋದ ಪದವೂ ಅರ್ಥವುಳ್ಳದ್ದೇ ಆಗಿತ್ತು. ಹುಡುಕು, ಕೇಳು ಎಂಬ ಅರ್ಥದ ಹೀಬ್ರೂ ಧಾತುವಿನಿಂದ ಬಂದ ‘ಮಿದ್ರಾಷ್’ ಎಂಬ ಹೆಸರನ್ನು ಮುಂದೆ ಯೆಹೂದಿ ಪಂಡಿತರು ಈ ಬಗೆಯ ವ್ಯಾಖ್ಯಾನಕ್ಕೆ ಕೊಟ್ಟರು.

ಹುಡುಕುವವರಿಗೆ ಆ ನಾಲ್ಕು ವಚನಗಳಲ್ಲಿ ಹಿಡಿತ ಸಿಗುವ ಜಾಗಗಳು ಹಲವಿದ್ದವು. ಹನೋಕನು ‘ದೇವರೊಂದಿಗೆ’ ನಡೆದನೆಂಬಲ್ಲಿ ಇರುವ ಹೀಬ್ರೂ ಪದ ‘ಹಾ-ಎಲೋಹೀಂ’. ಎಲೋಹೀಂ ಎಂಬುದು ವ್ಯಾಕರಣದ ದೃಷ್ಟಿಯಿಂದ ಬಹುವಚನ. ಸಾಮಾನ್ಯವಾಗಿ ಅದು ಏಕದೇವನನ್ನು ಸೂಚಿಸಿದರೂ ಕೆಲವೆಡೆ ದಿವ್ಯಜೀವಿಗಳೆಂಬ ಅರ್ಥದಲ್ಲಿಯೂ ಬರುತ್ತದೆ. ಆದ್ದರಿಂದ ಹನೋಕನು ಮುನ್ನೂರು ವರ್ಷ ನಡೆದಾಡಿದ್ದು ದೇವದೂತರೊಂದಿಗೆ ಎಂದು ಓದಲು ಅವಕಾಶವಾಯಿತು. ದೇವದೂತರ ಜೊತೆ ಮುನ್ನೂರು ವರ್ಷ ಇದ್ದವನು ಏನೇನನ್ನು ಕಂಡಿರಬೇಕು, ಏನೇನನ್ನು ಕಲಿತಿರಬೇಕು ಎಂಬ ಪ್ರಶ್ನೆ ತಾನಾಗಿಯೇ ಮುಂದಕ್ಕೆ ಬಂತು. 365 ಎಂಬ ಸಂಖ್ಯೆ ಸೂರ್ಯನ ವರ್ಷವನ್ನು ನೆನಪಿಸುವುದರಿಂದ ಆ ಕಲಿಕೆ ಆಕಾಶಕ್ಕೆ ಸಂಬಂಧಿಸಿದ್ದಿರಬೇಕೆಂಬ ಊಹೆಗೂ ಬಲ ಬಂತು.

ಆದಿಕಾಂಡದ ಹನೋಕನ ಹಿಂದೆಯೂ ಇನ್ನೊಂದು ಹಳೆಯ ನೆರಳಿರುವುದನ್ನು ಇಲ್ಲಿ ಹೇಳಬೇಕು. ಮೆಸೊಪೊಟೇಮಿಯದ ರಾಜಾವಳಿಗಳಲ್ಲಿ ಪ್ರಳಯಕ್ಕೆ ಮುಂಚೆ ಆಳಿದ ಅರಸರ ಪಟ್ಟಿಯಿದೆ. ಅವುಗಳಲ್ಲಿ ಕೆಲವು, ಸೂರ್ಯದೇವನಾದ ಶಮಶನ ನಗರ ಸಿಪ್ಪರದ ಅರಸ ಎನ್‌ಮೆದುರಂಕಿಯನ್ನು ಏಳನೆಯವನೆಂದು ಎಣಿಸುತ್ತವೆ. ದೇವತೆಗಳು ಅವನನ್ನು ತಮ್ಮ ಸಭೆಗೆ ಕರೆದು, ನೀರಿನ ಮೇಲೆ ಎಣ್ಣೆ ಬಿಟ್ಟು ಶಕುನ ನೋಡುವ ವಿದ್ಯೆಯನ್ನೂ ಬಲಿಪಶುವಿನ ಯಕೃತ್ತಿನಲ್ಲಿ ಭವಿಷ್ಯವನ್ನು ಓದುವ ವಿದ್ಯೆಯನ್ನೂ ಕಲಿಸಿದರೆಂದು ಅಲ್ಲಿಯ ಪುರೋಹಿತರು ನಂಬಿದ್ದರು. ಏಳನೆಯ ಸ್ಥಾನ, ಸೂರ್ಯನ ನಂಟು, ದೇವಸಾನ್ನಿಧ್ಯ, ಈ ಮೂರೂ ಎರಡೂ ಕಡೆ ಕೂಡಿಬರುವುದನ್ನು ಆಕಸ್ಮಿಕವೆನ್ನಲಾಗದೆಂದು ಅನೇಕ ವಿದ್ವಾಂಸರು ಭಾವಿಸಿದ್ದಾರೆ. ಹಾಗಿದ್ದರೆ ಆದಿಕಾಂಡದ ಲೇಖಕನು ಬಾಬಿಲೋನಿನ ಆ ಜ್ಞಾನಿಯ ವೈಭವವನ್ನೆಲ್ಲ ಕಳಚಿ ನಾಲ್ಕು ವಚನಕ್ಕೆ ಇಳಿಸಿದ. ಅವನ ನಂತರದವರು ಆ ವೈಭವವನ್ನು ಯೆಹೂದಿ ಧರ್ಮದ ಚೌಕಟ್ಟಿನೊಳಗೆ ಮತ್ತೆ ಹೊದಿಸಿದರು.

ಇಂದು ‘ಹನೋಕನ ಮೊದಲನೆಯ ಗ್ರಂಥ’ವೆಂದು ಕರೆಯುವ ಸಂಕಲನದಲ್ಲಿ 108 ಅಧ್ಯಾಯಗಳಿವೆ. ಬೇರೆ ಬೇರೆ ಕಾಲದ ಐದು ಕೃತಿಗಳು ಅದರಲ್ಲಿ ಸೇರಿಕೊಂಡಿದ್ದು, ಅತಿ ಹಳೆಯ ಭಾಗಗಳು ಕ್ರಿ.ಪೂ. ಮೂರನೆಯ ಶತಮಾನಕ್ಕೆ ಸೇರಿದವೆಂಬ ಅಭಿಪ್ರಾಯವಿದೆ. ಅವುಗಳಲ್ಲಿ ಮೊದಲನೆಯದು ‘ಕಾವಲುಗಾರರ ಗ್ರಂಥ’. ಕಾವಲುಗಾರರೆಂದರೆ ನಿದ್ರೆಯಿಲ್ಲದೆ ಎಚ್ಚರವಾಗಿರುವ ಒಂದು ವರ್ಗದ ದೇವದೂತರು. ಅರಾಮಿಕ್‌ನ ಈ ಪದವು ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿಯೂ ಬರುತ್ತದೆ. ಈ ಕೃತಿಯ ಬೀಜ ಇರುವುದು ಆದಿಕಾಂಡದ ಆರನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳಲ್ಲಿ. ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳನ್ನು ಕಂಡು ಮದುವೆಯಾದರೆಂದೂ ಆ ಕಾಲದಲ್ಲಿ ಭೂಮಿಯ ಮೇಲೆ ಮಹಾಶರೀರಿಗಳಿದ್ದರೆಂದೂ ಅಲ್ಲಿ ಹೇಳಿದೆ. ಆ ದೇವಪುತ್ರರು ಯಾರು, ಅವರು ಮಾಡಿದ್ದು ತಪ್ಪೇ, ಆ ಪ್ರಸಂಗದ ಹಿಂದೆಯೇ ಜಲಪ್ರಳಯದ ವೃತ್ತಾಂತ ಬರುವುದೇಕೆ ಎಂಬುದಕ್ಕೆ ಆದಿಕಾಂಡವು ಸ್ಪಷ್ಟ ಉತ್ತರ ಕೊಡುವುದಿಲ್ಲ.

ಕಾವಲುಗಾರರ ಗ್ರಂಥವು ಆ ಉತ್ತರವನ್ನು ವಿಸ್ತಾರವಾಗಿ ಕೊಡುತ್ತದೆ. ಹನೋಕನ ತಂದೆಯಾದ ಯೆರೆದನ ದಿನಗಳಲ್ಲಿ ಇನ್ನೂರು ಮಂದಿ ಕಾವಲುಗಾರರು ಶೆಮಿಹಜಾ ಎಂಬವನ ಮುಂದಾಳುತನದಲ್ಲಿ ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಯಾರೂ ಹಿಂದೆಗೆಯಬಾರದೆಂದು ಪರಸ್ಪರ ಶಪಥ ಮಾಡಿಕೊಂಡರು. ಯೆರೆದ ಎಂಬ ಹೆಸರು ಹೀಬ್ರೂವಿನಲ್ಲಿ ‘ಇಳಿ’ ಎಂಬ ಧಾತುವನ್ನು ಧ್ವನಿಸುತ್ತದೆ. ಹೆರ್ಮೋನ್ ಎಂಬುದು ಶಾಪಕ್ಕೊಳಪಡಿಸುವ ಪ್ರತಿಜ್ಞೆಯ ಪದವಾದ ‘ಹೇರೆಮ್’ ಅನ್ನು ಧ್ವನಿಸುತ್ತದೆ. ವಂಶಾವಳಿಯಲ್ಲಿ ಬರೀ ಹೆಸರಾಗಿದ್ದುದನ್ನು ಲೇಖಕನು ಕಿವಿಗೊಟ್ಟು ಕೇಳಿದ, ಹೆಸರಿನೊಳಗೆ ಒಂದು ಘಟನೆಯನ್ನೇ ಕಂಡ. ಇಳಿದುಬಂದವರಲ್ಲಿ ಅಸಾಯೇಲನೆಂಬವನು ಗಂಡಸರಿಗೆ ಕತ್ತಿ, ಗುರಾಣಿ, ಎದೆಗವಚ ಮಾಡುವುದನ್ನೂ ಹೆಂಗಸರಿಗೆ ಬಳೆ, ರತ್ನಾಭರಣ, ಕಣ್ಣಿನ ಕಾಡಿಗೆಗಳನ್ನೂ ಕಲಿಸಿದ. ಉಳಿದವರು ಮಂತ್ರ, ಬೇರುಮದ್ದು, ನಕ್ಷತ್ರಶಕುನಗಳನ್ನು ಹೇಳಿಕೊಟ್ಟರು. ಅವರಿಗೆ ಹುಟ್ಟಿದ ಮಹಾಶರೀರಿಗಳು ಮನುಷ್ಯರ ದುಡಿಮೆಯನ್ನೆಲ್ಲ ತಿಂದು ಮುಗಿಸಿ, ಆಮೇಲೆ ಮನುಷ್ಯರನ್ನೇ ತಿನ್ನತೊಡಗಿದಾಗ ಭೂಮಿಯ ಕೂಗು ಸ್ವರ್ಗವನ್ನು ಮುಟ್ಟಿತು. ಅಲೆಕ್ಸಾಂಡರನ ಸೇನಾಪತಿಗಳು ಮತ್ತು ಅವರ ಉತ್ತರಾಧಿಕಾರಿಗಳು ಪ್ಯಾಲೆಸ್ಟೈನಿನ ನೆಲದ ಮೇಲೆ ಬಿಡುವಿಲ್ಲದೆ ಹೋರಾಡಿದ ಕಾಲದ ನೋವು ಈ ಚಿತ್ರದಲ್ಲಿದೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಮಹಾಶರೀರಿಗಳ ಹಸಿವಿನ ವರ್ಣನೆಯನ್ನು ಓದಿದವರಿಗೆ ಆ ಮಾತು ನಂಬಬಹುದಾದದ್ದೆಂದು ತೋರುತ್ತದೆ.

ಅಸಾಯೇಲನಿಗೆ ಸಿಗುವ ದಂಡನೆಯನ್ನು ಗಮನಿಸಬೇಕು. ರಫಾಯೇಲನೆಂಬ ದೇವದೂತನು ಅವನ ಕೈಕಾಲು ಕಟ್ಟಿ ಮರುಭೂಮಿಯ ಕತ್ತಲೆಗೆ ಎಸೆದು ಒರಟು ಕಲ್ಲುಗಳನ್ನು ಮುಚ್ಚುತ್ತಾನೆ. ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ, ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನದಂದು ಜನರ ಪಾಪಗಳನ್ನು ಹೊರಿಸಿದ ಒಂದು ಹೋತವನ್ನು ಅರಣ್ಯಕ್ಕೆ, ಅಜಾಜೇಲನ ಬಳಿಗೆ ಅಟ್ಟಬೇಕೆಂಬ ವಿಧಿಯಿದೆ. ಈ ಅಜಾಜೇಲನು ಯಾರೆಂದು ಯಾಜಕಕಾಂಡ ತಿಳಿಸುವುದಿಲ್ಲ. ಅಸಾಯೇಲ ಮತ್ತು ಅಜಾಜೇಲ ಎಂಬ ಹೆಸರುಗಳ ಹೋಲಿಕೆಯಿಂದಾಗಿ ಎರಡು ಸಂಪ್ರದಾಯಗಳು ಬೆಸೆದುಕೊಂಡವು. ಗ್ರಂಥದ ಇಥಿಯೋಪಿಯದ ಪಾಠದಲ್ಲಿ ಅವನ ಹೆಸರು ಅಜಾಜೇಲನೆಂದೇ ಇದೆ.

ಇನ್ನು ಹನೋಕನ ಪಾತ್ರ. ಪತನಗೊಂಡ ಕಾವಲುಗಾರರು ತಮ್ಮ ಪರವಾಗಿ ಕ್ಷಮಾಯಾಚನೆಯ ಅರ್ಜಿಯನ್ನು ಬರೆದುಕೊಡಬೇಕೆಂದು ಧರ್ಮದ ಲಿಪಿಕಾರನೆನಿಸಿದ ಅವನನ್ನೇ ಬೇಡಿಕೊಳ್ಳುತ್ತಾರೆ. ಅವನು ಹೆರ್ಮೋನಿನ ನೈಋತ್ಯಕ್ಕಿರುವ ದಾನ್ ಪ್ರದೇಶದ ನೀರಿನ ಬಳಿ ಕುಳಿತು ಆ ಅರ್ಜಿಯನ್ನು ಓದುತ್ತ ನಿದ್ದೆಹೋದಾಗ ಅವನಿಗೆ ದರ್ಶನವಾಗುತ್ತದೆ. ಆಲಿಕಲ್ಲಿನ ಗೋಡೆ, ಬೆಂಕಿಯ ಬಾಗಿಲು, ಒಳಗಿನ ಮನೆಯಲ್ಲಿ ಸೂರ್ಯನಂಥ ಚಕ್ರಗಳುಳ್ಳ ಸಿಂಹಾಸನ, ಅದರ ಕೆಳಗಿನಿಂದ ಹರಿಯುವ ಬೆಂಕಿಯ ಹೊಳೆಗಳು, ಇವೆಲ್ಲವುಗಳ ಹಿಂದೆ ಪ್ರವಾದಿ ಯೆಹೆಜ್ಕೇಲನು ಬಾಬಿಲೋನಿನ ಸೆರೆವಾಸದಲ್ಲಿ ಕಂಡ ಚಕ್ರಸಿಂಹಾಸನದ ದರ್ಶನವಿದೆ. ಕಾಲದ ಲೆಕ್ಕದಲ್ಲಿ ಯೆಹೆಜ್ಕೇಲನು ಹನೋಕನಿಗಿಂತ ಎಷ್ಟೋ ತಲೆಮಾರು ಈಚಿನವನು. ಆದರೆ ಕಥೆಯೊಳಗೆ ಹನೋಕನೇ ಆ ಸಿಂಹಾಸನವನ್ನು ಮೊದಲು ಕಂಡವನಾಗುತ್ತಾನೆ. ಹಿಂದಿನ ಪ್ರವಾದಿಯ ಮಾತನ್ನು ಅವನಿಗಿಂತಲೂ ಹಿಂದಿನವನ ಬಾಯಲ್ಲಿ ಇಟ್ಟು, ಪ್ರವಾದಿಗಳೆಲ್ಲರ ಅನುಭವಕ್ಕೆ ಒಂದೇ ಆದಿಮೂಲವಿದೆಯೆಂದು ತೋರಿಸುವುದು ಈ ಲೇಖಕರ ವಿಧಾನ. ಸ್ವರ್ಗದಲ್ಲಿ ಹನೋಕನಿಗೆ ಸಿಗುವ ಉತ್ತರವಂತೂ ಕಠಿನವಾದುದು: ಮನುಷ್ಯರಿಗಾಗಿ ದೇವದೂತರು ಬೇಡಿಕೊಳ್ಳಬೇಕಿತ್ತೇ ಹೊರತು ದೇವದೂತರಿಗಾಗಿ ಮನುಷ್ಯನು ಬೇಡಿಕೊಳ್ಳುವಂತಾಗಬಾರದಿತ್ತೆಂದು ಹೇಳಿ ಅರ್ಜಿಯನ್ನು ತಿರಸ್ಕರಿಸಲಾಗುತ್ತದೆ.

ಭೂಮಿಯ ಕೇಡಿಗೆಲ್ಲ ಸ್ವರ್ಗದಿಂದ ಇಳಿದವರೇ ಕಾರಣರೆಂಬ ಈ ವಿವರಣೆಯನ್ನು ಹನೋಕನ ಪರಂಪರೆಯವರೇ ಎಲ್ಲರೂ ಒಪ್ಪಲಿಲ್ಲ. ಅದೇ ಸಂಕಲನದ ಕೊನೆಯ ಭಾಗವಾದ ‘ಹನೋಕನ ಪತ್ರ’ದಲ್ಲಿ, ಪಾಪವನ್ನು ಭೂಮಿಗೆ ಹೊರಗಿನಿಂದ ಕಳುಹಿಸಲಾಗಿಲ್ಲ, ಮನುಷ್ಯರು ತಾವಾಗಿಯೇ ಅದನ್ನು ಉಂಟುಮಾಡಿದರು ಎಂಬ ನಿಲುವು ಗಟ್ಟಿಯಾಗಿ ಕೇಳಿಬರುತ್ತದೆ. ಬಡವರನ್ನು ಹಿಂಡಿ ಸಿರಿವಂತರಾದವರನ್ನು ಆ ಪತ್ರವು ಉಗ್ರವಾಗಿ ಖಂಡಿಸುತ್ತದೆ. ಶೋಷಕನಿಗೆ ಪತನಗೊಂಡ ದೇವದೂತನನ್ನು ತೋರಿಸಿ ತಪ್ಪಿಸಿಕೊಳ್ಳುವ ದಾರಿ ಸಿಗಬಾರದೆಂಬ ಕಳಕಳಿ ಅದರಲ್ಲಿದೆ. ಒಂದೇ ಹೆಸರಿನ ಆಸರೆಯಲ್ಲಿ ಎರಡು ವಿರುದ್ಧ ವಿಚಾರಗಳು ಹೀಗೆ ಪಕ್ಕಪಕ್ಕದಲ್ಲಿ ಉಳಿದುಬಂದಿರುವುದು ಈ ಸಾಹಿತ್ಯದ ದೊಡ್ಡ ಗುಣ.

‘ಜ್ಯೋತಿರ್ಗ್ರಂಥ’ವೆನ್ನಬಹುದಾದ ಇನ್ನೊಂದು ಭಾಗದಲ್ಲಿ ಊರಿಯೇಲನೆಂಬ ದೇವದೂತನು ಹನೋಕನಿಗೆ ಸೂರ್ಯಚಂದ್ರರು ಹಾದುಹೋಗುವ ಪೂರ್ವದ ಆರು, ಪಶ್ಚಿಮದ ಆರು ಬಾಗಿಲುಗಳನ್ನು ತೋರಿಸುತ್ತಾನೆ. ಅತಿ ದೀರ್ಘ ಹಗಲು ಅತಿ ಚಿಕ್ಕ ಹಗಲಿನ ಎರಡರಷ್ಟೆಂಬ ಅಲ್ಲಿಯ ಲೆಕ್ಕವು ಬಾಬಿಲೋನಿನ ಹಳೆಯ ಖಗೋಳಗ್ರಂಥಗಳಲ್ಲಿಯೂ ಇದೆ. ಹನೋಕನ ಈ ಗ್ರಂಥದಲ್ಲಿ ವರ್ಷಕ್ಕೆ 364 ದಿನ. ಅದು ಸರಿಯಾಗಿ 52 ವಾರಗಳಾಗುವುದರಿಂದ ಪ್ರತಿಯೊಂದು ಹಬ್ಬವೂ ಪ್ರತಿ ವರ್ಷ ವಾರದ ಒಂದೇ ದಿನದಂದು ಬರುತ್ತದೆ, ಸಬ್ಬತ್ತಿನ ವಿಶ್ರಾಂತಿಗೆ ಹಬ್ಬಗಳು ಅಡ್ಡಬರುವುದಿಲ್ಲ. ಯಾವ ದಿನ ಹಬ್ಬ ಮಾಡಬೇಕೆಂಬುದು ಆ ಕಾಲದ ಯೆಹೂದಿಗಳನ್ನು ಒಡೆದುಹಾಕಿದ ವಿವಾದವಾಗಿತ್ತು. ಮೃತಸಮುದ್ರದ ದಡದ ಕುಮ್ರಾನಿನಲ್ಲಿ ನೆಲಸಿದ್ದ ಪಂಥವು 364 ದಿನಗಳ ಪಂಚಾಂಗಕ್ಕೇ ಅಂಟಿಕೊಂಡಿತ್ತು. ಪಂಚಾಂಗವನ್ನು ಮೋಶೆಗಿಂತ ಹಿಂದಿನ ಹನೋಕನೇ ದೇವದೂತನಿಂದ ಪಡೆದಿದ್ದನೆಂದರೆ ಅದಕ್ಕಿಂತ ಹಿರಿದಾದ ಪ್ರಮಾಣ ಬೇರೊಂದಿರಲಾರದು.

ಈ ಲೇಖಕರು ತಮ್ಮ ಹೆಸರನ್ನು ಮುಚ್ಚಿಟ್ಟು ಪ್ರಾಚೀನರ ಹೆಸರಿನಲ್ಲಿ ಬರೆದುದನ್ನು ಇಂದಿನ ಓದುಗರು ಮೋಸವೆಂದು ಎಣಿಸಿಬಿಡುವ ಸಂಭವವಿದೆ. ಆ ಎಣಿಕೆ ಅವಸರದ್ದು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟಮೇಲೆ ಬರೆದ ‘ಎಜ್ರನ ನಾಲ್ಕನೆಯ ಗ್ರಂಥ’ವನ್ನು ನೋಡಿದರೆ ಇದು ತಿಳಿಯುತ್ತದೆ. ಅದರ ಲೇಖಕನು ರೋಮಿನ ಹೆಸರೆತ್ತದೆ, ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಮೊದಲ ದೇವಾಲಯವನ್ನು ಕೆಡವಿದ ಮೇಲೆ ಶೋಕಿಸುವ ಎಜ್ರನಾಗಿ ಮಾತನಾಡುತ್ತಾನೆ. ಹಿಂದೊಮ್ಮೆ ಎಲ್ಲವೂ ಹಾಳಾದಾಗ ದೇವರೊಂದಿಗೆ ವಾದಿಸಿ ನಿಂತವನ ಧ್ವನಿಯೊಳಗೆ ಸೇರಿಕೊಳ್ಳದೆ ಅವನಿಗೆ ತನ್ನ ಕಾಲದ ದುಃಖವನ್ನು ಹೇಳಲಾಗುತ್ತಿರಲಿಲ್ಲ. ಕೊನೆಯ ದೃಶ್ಯದಲ್ಲಿ ಒಂದು ಪೊದೆಯಿಂದ ದೇವರ ಧ್ವನಿ ಎಜ್ರನನ್ನು ಕರೆಯುತ್ತದೆ, ಮೋಶೆಯನ್ನು ಕರೆದಂತೆಯೇ. ಸುಟ್ಟುಹೋದ ಧರ್ಮಶಾಸ್ತ್ರವನ್ನು ಅವನು ನಲವತ್ತು ದಿನಗಳಲ್ಲಿ ಐದು ಮಂದಿ ಲಿಪಿಕಾರರಿಗೆ ಹೇಳಿ ಬರೆಸುತ್ತಾನೆ. ಹೀಗೆ ಆದ 94 ಗ್ರಂಥಗಳಲ್ಲಿ 24 ಎಲ್ಲರಿಗೂ ಸಲ್ಲುತ್ತವೆ, ಉಳಿದ 70ನ್ನು ಜ್ಞಾನಿಗಳಿಗಾಗಿ ಕಾಯ್ದಿಡಲಾಗುತ್ತದೆ.

ಕ್ರಿ.ಪೂ. ಎರಡನೆಯ ಶತಮಾನದ ‘ಜುಬಿಲಿಗಳ ಗ್ರಂಥ’ವು ಆದಿಕಾಂಡವನ್ನೇ ಮೊದಲಿನಿಂದ ಮತ್ತೆ ಹೇಳುತ್ತ, ಸೀನಾಯಿ ಬೆಟ್ಟದ ಮೇಲೆ ದೇವದೂತನೊಬ್ಬನು ಮೋಶೆಗೆ ಬರೆಸಿದ ಕಥನವೆಂಬ ರೂಪವನ್ನು ತಾಳುತ್ತದೆ. ಅಬ್ರಹಾಮನು ಮಗ ಇಸಾಕನನ್ನು ಬಲಿಗೊಡಬೇಕೆಂದು ದೇವರೇ ಕೇಳಿದ್ದೇಕೆಂಬ ಸಂಕಟಕ್ಕೆ ಆ ಲೇಖಕನು ಯೋಬನ ಗ್ರಂಥದಿಂದ ಉತ್ತರ ತರುತ್ತಾನೆ: ಯೋಬನನ್ನು ಪರೀಕ್ಷಿಸಬೇಕೆಂದು ಸೈತಾನನು ಕೇಳಿದಂತೆ, ಇಲ್ಲಿ ಮಸ್ತೇಮನೆಂಬ ವೈರಿಯಾತ್ಮನು ಅಬ್ರಹಾಮನ ಭಕ್ತಿಯನ್ನು ಪರೀಕ್ಷಿಸುವಂತೆ ದೇವರನ್ನು ಕೇಳುತ್ತಾನೆ. ಒಂದು ಶಾಸ್ತ್ರದ ಗಂಟನ್ನು ಇನ್ನೊಂದು ಶಾಸ್ತ್ರದಿಂದ ಬಿಡಿಸುವುದೆಂದರೆ ಇದೇ.

ಮೌನದಿಂದಲೇ ಹುಟ್ಟಿದ ಇನ್ನೊಂದು ಬೆಳೆ ಮೆಲ್ಕಿಚೆದೆಕನದು. ಸಾಲೇಮಿನ ಅರಸನೂ ಪರಾತ್ಪರ ದೇವರ ಯಾಜಕನೂ ಆದ ಅವನು ಆದಿಕಾಂಡದಲ್ಲಿ ರೊಟ್ಟಿ ದ್ರಾಕ್ಷಾರಸಗಳೊಂದಿಗೆ ಬಂದು ಅಬ್ರಹಾಮನನ್ನು ಹರಸಿ ಮರೆಯಾಗುತ್ತಾನೆ. ಕೀರ್ತನೆಗಳಲ್ಲಿ ಒಮ್ಮೆ ಅವನ ಹೆಸರು ಬರುತ್ತದೆ. ವಂಶಾವಳಿಯಿಲ್ಲದ ಈ ಯಾಜಕನನ್ನು ಕುಮ್ರಾನಿನ ಹನ್ನೊಂದನೆಯ ಗುಹೆಯಲ್ಲಿ ಸಿಕ್ಕ ಒಂದು ಸುರುಳಿಯು ಕಡೆಗಾಲದಲ್ಲಿ ಸೆರೆಯಾದವರನ್ನು ಬಿಡಿಸಲು ಬರುವ ಸ್ವರ್ಗೀಯ ನ್ಯಾಯಾಧಿಪತಿಯೆಂದು ವರ್ಣಿಸುತ್ತದೆ. ಹೊಸ ಒಡಂಬಡಿಕೆಯ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯು ಅವನಿಗೆ ತಂದೆತಾಯಿಗಳೂ ಆದ್ಯಂತಗಳೂ ಇಲ್ಲವೆಂದು ಆ ಮೌನವನ್ನೇ ವಾದವನ್ನಾಗಿ ಮಾಡುತ್ತದೆ. ರಬ್ಬಿಗಳಾದರೋ ವಂಶಾವಳಿಯ ವರ್ಷಗಳನ್ನು ಕೂಡಿ ಕಳೆದು, ನೋಹನ ಮಗ ಶೇಮನು ಅಬ್ರಹಾಮನ ಕಾಲದಲ್ಲಿ ಇನ್ನೂ ಬದುಕಿದ್ದನೆಂದು ಕಂಡು, ಶೇಮನೇ ಮೆಲ್ಕಿಚೆದೆಕನೆಂದು ಆ ಖಾಲಿ ಜಾಗವನ್ನು ತುಂಬಿದರು.

ಹನೋಕನ ವಿಷಯದಲ್ಲಿಯೂ ರಬ್ಬಿಗಳು ಎಚ್ಚರದಿಂದಿದ್ದರು. ಅವನು ಸಾಯಲೇ ಇಲ್ಲವೆಂದು ವಾದಿಸಿದವರಿಗೆ ಕೈಸರೈಯದ ರಬ್ಬಿ ಅಬ್ಬಾಹು ಕೊಟ್ಟ ಉತ್ತರವು ಆದಿಕಾಂಡದ ವ್ಯಾಖ್ಯಾನವಾದ ‘ಬೆರೇಷೀತ್ ರಬ್ಬಾ’ದಲ್ಲಿದೆ. ‘ತೆಗೆದುಕೊಂಡನು’ ಎಂಬ ಪದವು ಪ್ರವಾದಿ ಎಲೀಯನು ಮೇಲಕ್ಕೆ ಒಯ್ಯಲ್ಪಟ್ಟ ಪ್ರಸಂಗದಲ್ಲಿ ಬರುತ್ತದೆಂದು ಎದುರಾಳಿಗಳು ತೋರಿಸಿದಾಗ, ಅದೇ ಪದವು ಯೆಹೆಜ್ಕೇಲನ ಹೆಂಡತಿಯ ಸಾವನ್ನು ಹೇಳುವಲ್ಲಿಯೂ ಬರುತ್ತದೆಂದು ಅಬ್ಬಾಹು ತೋರಿಸಿದರು. ವಿಧಾನ ಒಂದೇ, ಫಲ ಬೇರೆ. ಓಂಕೆಲೋಸನ ಅರಾಮಿಕ್ ಅನುವಾದದ ರೂಢಿಯ ಪಾಠವು ದೇವರು ಅವನನ್ನು ಸಾಯಿಸಿದನೆಂದು ಸ್ಪಷ್ಟವಾಗಿ ಬರೆಯಿತು. ಅಲೆಕ್ಸಾಂಡ್ರಿಯದ ತತ್ತ್ವಜ್ಞ ಫೈಲೋ ಅದಕ್ಕೂ ಮೊದಲೇ ಹನೋಕನ ಸ್ಥಳಾಂತರವನ್ನು ಪಶ್ಚಾತ್ತಾಪದಿಂದಾಗುವ ಬದುಕಿನ ಬದಲಾವಣೆಯೆಂದು ಓದಿದ್ದ. ಇಷ್ಟಾದರೂ ಜನರ ಕಲ್ಪನೆಯಿಂದ ಹನೋಕನನ್ನು ಕೆಳಗಿಳಿಸಲಾಗಲಿಲ್ಲ. ‘ಹನೋಕನ ಮೂರನೆಯ ಗ್ರಂಥ’ವೆನಿಸಿದ ಹೀಬ್ರೂ ಕೃತಿಯಲ್ಲಿ, ಸ್ವರ್ಗಕ್ಕೇರಿದ ರಬ್ಬಿ ಇಷ್ಮಾಯೇಲನನ್ನು ಎದುರುಗೊಳ್ಳುವ ಮಹಾದೂತ ಮೆಟಾಟ್ರೋನನು, ತಾನು ಹಿಂದೆ ಯೆರೆದನ ಮಗನಾದ ಹನೋಕನಾಗಿದ್ದೆನೆಂದು ತಿಳಿಸುತ್ತಾನೆ.

ಯೆಹೂದಿಗಳ ಪ್ರಮಾಣಗ್ರಂಥಗಳಲ್ಲಿ ಹನೋಕನ ಪುಸ್ತಕಕ್ಕೆ ಜಾಗ ಸಿಗಲಿಲ್ಲ. ಪ್ರಾಚೀನ ಕ್ರೈಸ್ತ ಲೇಖಕರಲ್ಲಿ ತೆರ್ತುಲಿಯನನು ಅದನ್ನು ಸಮರ್ಥಿಸಿದರೂ ಅಗಸ್ತೀನನು ಒಪ್ಪಲಿಲ್ಲ. ಇಥಿಯೋಪಿಯದ ಚರ್ಚು ಮಾತ್ರ ಗೀಝ್ ಭಾಷೆಯಲ್ಲಿ ಅದನ್ನು ತನ್ನ ಬೈಬಲ್ಲಿನ ಭಾಗವಾಗಿಯೇ ಕಾಪಾಡಿಕೊಂಡು ಬಂತು. ಸ್ಕಾಟ್‌ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಅಲ್ಲಿಂದ ಮೂರು ಹಸ್ತಪ್ರತಿಗಳನ್ನು ಯೂರೋಪಿಗೆ ತಂದ; 1821ರಲ್ಲಿ ರಿಚರ್ಡ್ ಲಾರೆನ್ಸ್ ಅದನ್ನು ಇಂಗ್ಲಿಷಿಗೆ ಅನುವಾದಿಸಿದ. 1952ರಲ್ಲಿ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ಸಿಕ್ಕ ಅರಾಮಿಕ್ ಚೂರುಗಳನ್ನು ಜೋಡಿಸಿದ ಜೆ. ಟಿ. ಮಿಲಿಕ್, ಅವು ಹನೋಕನ ಗ್ರಂಥದ ಹನ್ನೊಂದು ಪ್ರತಿಗಳ ಅವಶೇಷಗಳೆಂದು ಗುರುತಿಸಿ 1976ರಲ್ಲಿ ಪ್ರಕಟಿಸಿದ. ಅವುಗಳ ಜೊತೆಗೆ ಸಿಕ್ಕ ‘ಮಹಾಶರೀರಿಗಳ ಗ್ರಂಥ’ದ ಚೂರುಗಳಲ್ಲಿ ಕಾವಲುಗಾರರ ಮಕ್ಕಳ ನಡುವೆ ಗಿಲ್ಗಮೇಶನ ಹೆಸರಿದೆ, ಬಾಬಿಲೋನಿನ ಮಹಾಕಾವ್ಯದ ನಾಯಕನು ಇಲ್ಲಿ ಪ್ರಳಯದಲ್ಲಿ ಮುಳುಗಬೇಕಾದವರ ಗುಂಪಿಗೆ ಸೇರಿದ್ದಾನೆ.

ಆ ಅರಾಮಿಕ್ ಚೂರುಗಳಲ್ಲೊಂದರಲ್ಲಿ ಗ್ರಂಥದ ಮೊದಲ ಅಧ್ಯಾಯದ ಕೆಲವು ಮುರಿದ ಸಾಲುಗಳು ಉಳಿದಿವೆ. ದೇವರು ಲಕ್ಷಾಂತರ ಪವಿತ್ರರೊಂದಿಗೆ ಸೀನಾಯಿಯ ಮೇಲೆ ನ್ಯಾಯತೀರಿಸಲು ಬರುವನೆಂಬ ಪ್ರವಾದನೆಯ ಭಾಗ ಅದು. ಆ ಚಿತ್ರವನ್ನು ಲೇಖಕನು ತೆಗೆದುಕೊಂಡದ್ದು ಧರ್ಮೋಪದೇಶಕಾಂಡದಲ್ಲಿ ಸಾವಿನ ಮುನ್ನ ಮೋಶೆ ಹೇಳಿದ ಆಶೀರ್ವಾದದಿಂದ. ಕಣ್ಣು ತೆರೆದ ದಾರ್ಶನಿಕನೆಂದು ಹನೋಕನನ್ನು ಪರಿಚಯಿಸುವ ಅಲ್ಲಿನ ರೀತಿಯು ಅರಣ್ಯಕಾಂಡದ ಬಿಳಾಮನದು. ಮೋಶೆಯಿಂದ ಹನೋಕನಿಗೆ ಬಂದ ಆ ಪ್ರವಾದನೆಯನ್ನು ಹೊಸ ಒಡಂಬಡಿಕೆಯ ಯೂದನ ಪತ್ರಿಕೆಯು, ಆದಾಮನಿಂದ ಏಳನೆಯವನಾದ ಹನೋಕನು ನುಡಿದದ್ದೆಂದು ಹೆಸರು ಹೇಳಿಯೇ ಉದ್ಧರಿಸುತ್ತದೆ. ಇಪ್ಪತ್ತೈದೇ ವಚನಗಳ ಆ ಪುಟ್ಟ ಪತ್ರಿಕೆ ಕನ್ನಡ ಬೈಬಲ್ಲಿನಲ್ಲಿ ಪ್ರಕಟನೆಯ ಗ್ರಂಥಕ್ಕೆ ನೇರ ಮುಂಚೆ ಬರುತ್ತದೆ. ಹನೋಕನ ಗ್ರಂಥದ ಹೆಸರನ್ನೇ ಕೇಳದ ಕನ್ನಡ ಓದುಗರೂ ಆ ಪತ್ರಿಕೆಯ ಹದಿನಾಲ್ಕು ಮತ್ತು ಹದಿನೈದನೆಯ ವಚನಗಳಲ್ಲಿ ಆ ಮಾತನ್ನು ಓದುತ್ತ ಬಂದಿದ್ದಾರೆ.